ಪನ್ನೀರಿನ ವಾಸನೆ

ಮೊನ್ನೆ ಮಧ್ಯಾಹ್ನ ಮಾವಿನ ಮಿಡಿಗೆ ಉಪ್ಪು ಹಾಕುತ್ತ ಕೂತಿದ್ದೆ. ಭರಣಿಗೆ ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು. ಕೈಯೆಲ್ಲ ಸೊನೆ. ಹಿತ್ತಿಲ ಬಾಗಿಲಲ್ಲಿ ಪಕ್ಕದ ಮನೆಯ ಹೊಸ ಸೊಸೆ ಬಂದು ನಿಂತಳು. ಮದುವೆಯಾಗಿ ಐದು ತಿಂಗಳಾಗಿದೆಯಷ್ಟೆ. ಹೆಪ್ಪು ಹಾಕಲು ಒಂದು ಚಮಚ ಮೊಸರು ಬೇಕಿತ್ತಂತೆ. ಬಟ್ಟಲಿಗೆ ಮೊಸರು ಹಾಕಿಕೊಟ್ಟೆ. ತಗೊಂಡವಳು ಹೊರಡಲಿಲ್ಲ. ಮಿಡಿಯ ತೊಟ್ಟು ಸರಿಮಾಡುವ ನೆಪದಲ್ಲಿ ನನ್ನ ಪಕ್ಕ ಕುಕ್ಕರುಗಾಲಿನಲ್ಲಿ ಕೂತಳು. ಸ್ವಲ್ಪ ಹೊತ್ತಾದ ಮೇಲೆ ತಲೆ ಎತ್ತದೆ ಹೇಳಿದಳು:

"ಚಿಕ್ಕಮ್ಮ, ಅವರು ಒಳ್ಳೆಯವರೇ. ಒಂದು ದಿನ ಗದರಿದ್ದಿಲ್ಲ. ಆದರೂ ರಾತ್ರಿ ಹತ್ತಿರ ಬಂದರೆ ನನ್ನ ಮೈ ಸೌದೆ ತುಂಡಿನ ಹಾಗೆ ಆಗಿಬಿಡತ್ತೆ. ನನಗೇನಾದ್ರೂ ರೋಗ ಇದೆಯಾ?"

ನನ್ನ ಕೈಯಲ್ಲಿದ್ದ ಉಪ್ಪು ಹಾಗೇ ನಿಂತಿತು. 1996ರಲ್ಲಿ ನಾನು ಯಾರ ಹತ್ತಿರವಾದರೂ ಕೇಳಬೇಕೆಂದು ಒದ್ದಾಡಿ, ಕೇಳಲಾರದೆ ನುಂಗಿಕೊಂಡ ಮಾತು ಅದು. ಹೆಚ್ಚುಕಡಿಮೆ ಅದೇ ಶಬ್ದಗಳು!

ಸೋದರಿಯರೇ, ಆ ಹುಡುಗಿಯ ಒಪ್ಪಿಗೆ ಪಡೆದು, ಅವಳ ಗುರುತು ಸಿಗದ ಹಾಗೆ ಇಷ್ಟು ಬರೆದಿದ್ದೇನೆ. ಅವಳ ಕಥೆ ಅವಳದು. ಇನ್ನು ಮುಂದಿನದೆಲ್ಲ ನನ್ನದು. ಮೂವತ್ತು ವರ್ಷಗಳಿಂದ ಟ್ರಂಕಿನ ತಳದಲ್ಲಿಟ್ಟ ಹಳೆ ಸೀರೆಯಂತೆ ಇಟ್ಟುಕೊಂಡದ್ದು. ಈ ಪುಟಗಳಲ್ಲಿ ಇಂಥದ್ದನ್ನು ಬರೆಯಬಹುದೋ ಬಾರದೋ ಎಂದು ಎರಡು ದಿನ ಯೋಚಿಸಿದೆ. ಆದರೆ ಅಡುಗೆ, ಹೊಲಿಗೆ, ಮಕ್ಕಳ ಕೆಮ್ಮು ಎಲ್ಲವನ್ನೂ ಹಂಚಿಕೊಳ್ಳುವ ನಾವು ಇದೊಂದನ್ನು ಮಾತ್ರ ಒಬ್ಬೊಬ್ಬರೇ ಹೊರುತ್ತಿದ್ದೇವಲ್ಲ, ಅದು ಸರಿಯೆ?

ಆಗ ನನಗೆ ಇಪ್ಪತ್ತೆರಡು ವರ್ಷ. 1994ರ ಬೇಸಿಗೆ. ಬಿ.ಎ. ಮುಗಿಸಿ ಮನೆಯಲ್ಲಿದ್ದೆ. ದೊಡ್ಡಮ್ಮನ ಮಗಳ ಮದುವೆ. ಮಲೆನಾಡಿನ ದೊಡ್ಡ ಮನೆ, ಅಂಗಳದ ತುಂಬ ಚಪ್ಪರ, ಎಲ್ಲಿ ನೋಡಿದರೂ ನೆಂಟರು. ಬಂದವರಿಗೆಲ್ಲ ಬೆಳ್ಳಿಯ ದಾನಿಯಲ್ಲಿ ಪನ್ನೀರು ಚಿಮುಕಿಸುತ್ತಿದ್ದರು. ಅಟ್ಟದ ಮೇಲಿಂದ ಕೊಳಗ ತರಲು ನನ್ನನ್ನು ಕಳಿಸಿದರು. ಹಿಂದೆಯೇ ಒಬ್ಬ ಬಂದ. ಹೊರಗಿನವನಲ್ಲ, ನಮ್ಮ ಸಂಬಂಧಿಯೇ. ನಾಲ್ಕು ಜನ ಎದ್ದು ನಿಂತು ಮರ್ಯಾದೆ ಕೊಡುವಂಥವನು. ಅವನ ಅಂಗಿಯಿಂದಲೂ ಅದೇ ಪನ್ನೀರಿನ ವಾಸನೆ.

ಅಲ್ಲಿ ನಡೆದದ್ದನ್ನು ಬರೆಯುವುದಿಲ್ಲ. ಬರೆಯುವ ಅಗತ್ಯವೂ ಇಲ್ಲ. ಒಂದು ಮಾತು ಮಾತ್ರ ಹೇಳಬೇಕು. ನಾನು ಕೂಗಲಿಲ್ಲ. ಕೆಳಗೆ ಇನ್ನೂರು ಜನ ಇದ್ದರು, ಒಂದು ಕೂಗು ಸಾಕಿತ್ತು. ಗಂಟಲಿನಿಂದ ಸ್ವರವೇ ಬರಲಿಲ್ಲ, ಕೈ ಏಳಲಿಲ್ಲ. ಆಮೇಲೆ ಕೊಳಗ ಹೊತ್ತು ಕೆಳಗಿಳಿದೆ. ಪಂಕ್ತಿಯಲ್ಲಿ ಮಜ್ಜಿಗೆ ಬಡಿಸಿದೆ. ಅವನೂ ಆ ಪಂಕ್ತಿಯಲ್ಲಿ ಕೂತಿದ್ದ.

ಮೂರನೆಯ ದಿನ ಅಮ್ಮನಿಗೆ ಹೇಳಿದೆ. ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. "ಇನ್ನು ಯಾರ ಹತ್ರಾನೂ ಬಾಯಿ ಬಿಡಬೇಡ. ನಿಂಗೆ ಮದುವೆ ಆಗಬೇಕು" ಅಂದಳು. ಬಚ್ಚಲೊಲೆಗೆ ಉರಿ ಹಾಕಿ, ತಾನೇ ನಿಂತು ಬಿಸಿನೀರು ಹೊಯ್ದಳು. ಮುಂದೆ ಒಂದು ತಿಂಗಳು ನನ್ನ ಪಕ್ಕದಲ್ಲೇ ಮಲಗಿ ಕೈ ಹಿಡಿದುಕೊಂಡು ನಿದ್ದೆ ಮಾಡಿದಳು. ಬಾಯಿ ಮುಚ್ಚಿಸಿದ್ದೂ ಅವಳೇ, ಕೈ ಬಿಡದವಳೂ ಅವಳೇ. ಅವಳನ್ನು ದೂರಲು ನನಗೆ ಇವತ್ತಿಗೂ ಆಗುವುದಿಲ್ಲ. ನನ್ನ ಅಮ್ಮನಂಥವರೇ ಹೆಚ್ಚು. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೈಹಿಕ ಅಥವಾ ಲೈಂಗಿಕ ಹಿಂಸೆಗೆ ಒಳಗಾದ ಹೆಂಗಸರಲ್ಲಿ ಸಹಾಯ ಕೇಳಿದವರು ನೂರಕ್ಕೆ 14 ಮಂದಿ ಮಾತ್ರ.

ಎರಡು ವರ್ಷದಲ್ಲಿ ಮದುವೆಯಾಯಿತು. ನಮ್ಮವರು ಸಹಕಾರ ಸಂಘದಲ್ಲಿ ಗುಮಾಸ್ತರು. ಮೃದು ಸ್ವಭಾವ. ನನಗೂ ಅವರು ಇಷ್ಟವಾಗಿದ್ದರು. ನಡೆದದ್ದನ್ನು ಮರೆತೆ ಎಂದೇ ತಿಳಿದಿದ್ದೆ. ಮೊದಲ ರಾತ್ರಿ ನಾದಿನಿಯರು ನಗುನಗುತ್ತ ಹಾಸಿಗೆಗೆ ಪನ್ನೀರು ಚಿಮುಕಿಸಿ ಬಾಗಿಲು ಹಾಕಿಕೊಂಡು ಹೋದರು...

ಅಷ್ಟೆ. ಆ ಕೋಣೆ ಇದ್ದಕ್ಕಿದ್ದಂತೆ ಅಟ್ಟವಾಯಿತು. ಎದುರಿಗೆ ಕೂತವರು ನಮ್ಮವರು ಎಂದು ಬುದ್ಧಿಗೆ ಗೊತ್ತು, ಮೈಗೆ ಗೊತ್ತಾಗಲಿಲ್ಲ. ಹಲ್ಲು ಕಚ್ಚಿತು, ತೊಡೆ ಬಿಗಿಯಿತು, ಅಂಗೈ ತಣ್ಣಗಾಯಿತು. ಅವರು ನಾಚಿಕೆ ಎಂದುಕೊಂಡರು. ಎರಡನೆಯ ದಿನವೂ ಹಾಗೇ, ಎರಡನೆಯ ತಿಂಗಳೂ ಹಾಗೇ. ಒಮ್ಮೊಮ್ಮೆ ನಾನು ಮಾಡಿನ ತೊಲೆಯ ಮೇಲೆ ಕೂತು ಕೆಳಗೆ ಮಲಗಿರುವ ಇನ್ಯಾರನ್ನೋ ನೋಡುತ್ತಿರುವಂತೆ ಅನ್ನಿಸುತ್ತಿತ್ತು. ಒಮ್ಮೊಮ್ಮೆ ಸಹಿಸಲಾರದ ನೋವು. ಹೆಂಡತಿಯ ಧರ್ಮ ಎಂದು ಕಣ್ಣು ಮುಚ್ಚಿ ಸಹಿಸಿದೆ. ಸಹಿಸಿದಷ್ಟೂ ಮರುದಿನ ಮೈ ಇನ್ನೂ ಬಿಗಿಯಾಗುತ್ತಿತ್ತು. ಸಂಜೆ ದೀಪ ಹಚ್ಚುವಾಗಲೇ ಎದೆ ಹೊಡೆದುಕೊಳ್ಳಲು ಶುರು. ಕೊನೆಗೆ ಇವರು, "ನಿಂಗೆ ನನ್ನ ಮೇಲೆ ಮನಸ್ಸಿಲ್ಲ ಅಂದ್ರೆ ಮದುವೆಗೆ ಮುಂಚೆ ಹೇಳಬಹುದಿತ್ತಲ್ಲ" ಎಂದು ಚಾಪೆ ತಗೊಂಡು ಜಗಲಿಗೆ ಹೋದರು. ಅತ್ತೆಯವರು ಮೊಮ್ಮಗುವಿಗಾಗಿ ಹರಕೆಯ ಮೇಲೆ ಹರಕೆ ಹೊತ್ತರು. ಊರಿನ ಡಾಕ್ಟರೊಬ್ಬರು, "ಎಲ್ಲರಿಗೂ ಹಾಗೇ ಅಮ್ಮ, ಸ್ವಲ್ಪ ಸಹಿಸಿಕೊಳ್ಳಬೇಕು" ಎಂದು ನಿದ್ದೆಯ ಮಾತ್ರೆ ಬರೆದುಕೊಟ್ಟರು.

ಹನ್ನೊಂದು ತಿಂಗಳು ಹೀಗೆ ಕಳೆಯಿತು. ಒಂದು ದಿನ ಮೈದುನನ ನಿಶ್ಚಿತಾರ್ಥಕ್ಕೆಂದು ತಂದಿಟ್ಟ ಪನ್ನೀರಿನ ಬಾಟಲಿಯನ್ನು ನಾನು ಗೊಬ್ಬರದ ಗುಂಡಿಗೆ ಸುರಿಯುತ್ತಿದ್ದಾಗ ಇವರು ನೋಡಿಬಿಟ್ಟರು. ಆ ರಾತ್ರಿ ಕರೆಂಟು ಇರಲಿಲ್ಲ. ಮುಖ ಕಾಣದ್ದೇ ಒಳ್ಳೆಯದಾಯಿತು. ಹೇಳಿಬಿಟ್ಟೆ.

ಬಹಳ ಹೊತ್ತು ಮಾತಿಲ್ಲ. ಆಮೇಲೆ ಇವರು ಕೇಳಿದ್ದು ಒಂದೇ ಪ್ರಶ್ನೆ: "ಕೂಗಬಹುದಿತ್ತಲ್ಲ?"

ಇವರು ಕೆಟ್ಟವರಲ್ಲ. ತಿಳಿಯದೆ ಕೇಳಿದರು. ಆದರೆ ಆ ಮಾತು ಅಟ್ಟದ ಮೇಲಿನ ಗಾಯದಷ್ಟೇ ಆಳಕ್ಕೆ ಇಳಿಯಿತು. ಮೂರು ವಾರ ನಾವು ಅನ್ನ-ಸಾರಿನ ಮಾತು ಬಿಟ್ಟು ಬೇರೆ ಆಡಲಿಲ್ಲ. ಆ ಮೂರು ವಾರದಲ್ಲಿ ಇವರು ಸುಮ್ಮನೆ ಕೂತಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಇಂಥದೇ ಒಂದು ಪತ್ರಿಕೆಯ ಸಲಹೆಯ ಪುಟಕ್ಕೆ ಹೆಸರಿಲ್ಲದೆ ಪತ್ರ ಬರೆದಿದ್ದರಂತೆ. ಗಂಡಸು, ಹೆಂಗಸರ ಪತ್ರಿಕೆಗೆ! ಸ್ತ್ರೀರೋಗ ತಜ್ಞೆಯ ಜೊತೆಗೆ ಮನೋವೈದ್ಯರನ್ನೂ ಕಾಣಿರಿ ಎಂದು ಉತ್ತರ ಬಂದಿತ್ತು. ಆ ಪುಟ ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು ಬಂದು, "ಬೆಂಗಳೂರಿಗೆ ಹೋಗಿಬರೋಣ್ವಾ? ನಿಂಗೆ ಬೇಡ ಅಂದ್ರೆ ಬೇಡ" ಅಂದರು. 'ಬೇಡ' ಅನ್ನುವ ಹಕ್ಕು ನನಗೂ ಉಂಟು ಎಂದು ನನ್ನ ಜೀವನದಲ್ಲಿ ಯಾರಾದರೂ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಬೆಂಗಳೂರಿನ ಆ ಡಾಕ್ಟರಮ್ಮ ಮೊದಲು ಇವರ ಪ್ರಶ್ನೆಗೇ ಉತ್ತರ ಕೊಟ್ಟರು. ದೊಡ್ಡ ಅಪಾಯ ಎದುರಾದಾಗ ಜೀವಿಗಳು ಓಡುತ್ತವೆ, ಇಲ್ಲ ಹೋರಾಡುತ್ತವೆ. ಎರಡೂ ಸಾಧ್ಯವಿಲ್ಲ ಅನ್ನಿಸಿದಾಗ ಮೈ ತಾನಾಗಿ ಮರಗಟ್ಟುತ್ತದೆ. ಬೆಕ್ಕಿನ ಬಾಯಲ್ಲಿ ಇಲಿ ಸತ್ತಂತೆ ಬೀಳುವುದಿಲ್ಲವೆ, ಹಾಗೆ. ಅದು ನಾವು ಆರಿಸಿಕೊಳ್ಳುವುದಲ್ಲ, ಮೆದುಳು ನಮ್ಮನ್ನು ಕೇಳದೆ ಮಾಡುವುದು. ಎಷ್ಟೋ ವರ್ಷಗಳ ನಂತರ ಓದಿದೆ: ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಅತ್ಯಾಚಾರಕ್ಕೆ ಒಳಗಾಗಿ ಚಿಕಿತ್ಸೆಗೆ ಬಂದ 298 ಹೆಂಗಸರನ್ನು ವಿಚಾರಿಸಿದಾಗ, ನೂರಕ್ಕೆ 70 ಮಂದಿಗೆ ಆ ಹೊತ್ತಿನಲ್ಲಿ ಹೀಗೆ ಗಣನೀಯವಾಗಿ ಮರಗಟ್ಟಿದ ಅನುಭವವಾಗಿತ್ತು. ಆ ಅಧ್ಯಯನ ಪ್ರಕಟವಾದದ್ದು 2017ರಲ್ಲಿ. ಓದಿದ ದಿನ ಒಲೆಯ ಮುಂದೆ ಕೂತು ಅತ್ತುಬಿಟ್ಟೆ. ನಾನೊಬ್ಬಳೇ ಅಲ್ಲ!

ಕಾನೂನಿಗೂ ಇದು ತಿಳಿಯಲು ಕಾಲ ಹಿಡಿಯಿತು. 1970ರ ದಶಕದ ಮಥುರಾ ಪ್ರಕರಣದಲ್ಲಿ, ಮೈಮೇಲೆ ಗಾಯವಿಲ್ಲ ಎಂಬುದನ್ನೇ ಹಿಡಿದು ಸುಪ್ರೀಂ ಕೋರ್ಟು ಇಬ್ಬರು ಪೊಲೀಸರನ್ನು ಬಿಟ್ಟುಬಿಟ್ಟಿತ್ತು. ಹೆಂಗಸರು ಬೀದಿಗಿಳಿದು ಕೇಳಿದ ಮೇಲೆ 1983ರಲ್ಲಿ ಕಾನೂನು ತಿದ್ದುಪಡಿಯಾಯಿತು. ಮೈಯಿಂದ ಪ್ರತಿರೋಧ ತೋರಲಿಲ್ಲ ಎಂಬ ಒಂದೇ ಕಾರಣಕ್ಕೆ ಒಪ್ಪಿಗೆಯಿತ್ತು ಎಂದು ತಿಳಿಯಬಾರದು ಎಂಬ ಮಾತು 2013ರಲ್ಲಿ ಕಾನೂನಿಗೆ ಸೇರಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದು ಇದೆ.

"ಅದು ಮುಗಿದುಹೋದ ಸಂಗತಿ, ಈಗ್ಯಾಕೆ ಡಾಕ್ಟ್ರೇ?" ಎಂದು ನಾನು ಕೇಳಿದೆ. ಅವರು ಹೇಳಿದ್ದನ್ನು ನನ್ನ ಮಾತಲ್ಲೇ ಬರೆಯುತ್ತೇನೆ. ಮೆದುಳಿನೊಳಗೆ ಬಾದಾಮಿಯಂಥ ಒಂದು ಭಾಗ ಇದೆಯಂತೆ, ಅಮಿಗ್ಡಲಾ ಎಂದು ಹೆಸರು. ಅದು ಮನೆಯ ನಾಯಿ ಇದ್ದ ಹಾಗೆ. ಒಮ್ಮೆ ಕಳ್ಳ ಬಂದ ಮನೆಯ ನಾಯಿ ಆಮೇಲೆ ಹಾಲಿನವನಿಗೂ ಬೊಗಳುತ್ತದೆ. ಅದಕ್ಕೆ ತಾರೀಕು ಗೊತ್ತಿಲ್ಲ, ಗಂಡ ಯಾರು ವೈರಿ ಯಾರು ಗೊತ್ತಿಲ್ಲ. ವಾಸನೆ, ಸ್ಪರ್ಶ, ಕತ್ತಲೆ, ಮೈಮೇಲಿನ ಭಾರ ಇಷ್ಟೇ ಗೊತ್ತು. ಅದು ಬೊಗಳಿದ ಕೂಡಲೆ ಸೊಂಟದ ತಳಭಾಗದ ಸ್ನಾಯುಗಳು ನಮ್ಮ ಅಪ್ಪಣೆಯಿಲ್ಲದೆ ಬಿಗಿದುಕೊಳ್ಳುತ್ತವೆ. ಕಣ್ಣಿಗೆ ಧೂಳು ಬಿದ್ದರೆ ರೆಪ್ಪೆ ಮುಚ್ಚುವುದಿಲ್ಲವೆ, ಹಾಗೆ. ವೆಜೈನಿಸ್ಮಸ್ ಎಂದು ಅದಕ್ಕೊಂದು ಹೆಸರೂ ಇದೆ. ಎಲ್ಲರಿಗೂ ಅದು ಇದೇ ಕಾರಣದಿಂದ ಬರುವುದಿಲ್ಲ, ಹೆದರಿಕೆಯಿಂದ ಸುಮ್ಮನೆಯೂ ಬರಬಹುದು. ಆದರೆ ಬಲವಂತ ಮಾಡಿದಷ್ಟೂ ನಾಯಿಗೆ ತನ್ನ ಅನುಮಾನ ನಿಜ ಅನ್ನಿಸುತ್ತದೆ. 'ಸಹಿಸಿಕೊಳ್ಳಿ' ಎಂಬ ಸಲಹೆ ನನಗೆ ಯಾಕೆ ವಿಷವಾಯಿತು ಎಂದು ಆಗ ತಿಳಿಯಿತು.

1974ರಲ್ಲೇ ಅಮೆರಿಕದ ಆ್ಯನ್ ಬರ್ಜೆಸ್ ಎಂಬ ನರ್ಸ್ ಮತ್ತು ಲಿಂಡಾ ಹಾಮ್‌ಸ್ಟ್ರಾಮ್ ಎಂಬ ಸಮಾಜಶಾಸ್ತ್ರಜ್ಞೆ, ಬಾಸ್ಟನ್ನಿನ ಆಸ್ಪತ್ರೆಗೆ ಬಂದ ಇಂಥ ಹೆಂಗಸರ ಜೊತೆ ಕೂತು ಮಾತಾಡಿ, ಈ ಹೆದರಿಕೆ, ಕೆಟ್ಟ ಕನಸು, ಮಿಲನದ ಭಯ ಎಲ್ಲ ಸೇರಿ ಒಂದು ನಿಜವಾದ ಆಘಾತ ಎಂದು ಬರೆದಿದ್ದರು. ಯುದ್ಧದಿಂದ ಮರಳಿದ ಸೈನಿಕರಲ್ಲೂ ಇಂಥದೇ ಗಾಯ ಕಂಡು, 1980ರಲ್ಲಿ ಅಲ್ಲಿನ ಮನೋವೈದ್ಯರ ಕೈಪಿಡಿಗೆ ಅದು ಸೇರಿತು. ರಣರಂಗ ಕಂಡ ಸಿಪಾಯಿಗೂ ಪಂಕ್ತಿಯಲ್ಲಿ ಮಜ್ಜಿಗೆ ಬಡಿಸಿದ ನನಗೂ ಒಂದೇ ಕಾಯಿಲೆ!

ಚಿಕಿತ್ಸೆ ಶುರುವಾದದ್ದು ಒಂದು ನಿಷೇಧದಿಂದ. "ಮುಂದಿನ ಎರಡು ತಿಂಗಳು ನೀವಿಬ್ಬರೂ ಕೂಡುವಂತಿಲ್ಲ" ಅಂದರು ಡಾಕ್ಟರಮ್ಮ. ಅದನ್ನು ಕೇಳಿ ನನಗಾದ ನೆಮ್ಮದಿ ಅಷ್ಟಿಷ್ಟಲ್ಲ. ಮೊದಲ ಹಂತದಲ್ಲಿ ದಿನಕ್ಕೆ ಹದಿನೈದು ನಿಮಿಷ ಕೈ ಮಾತ್ರ ಹಿಡಿಯುವುದು. ಆಮೇಲೆ ತಲೆಗೆ ಎಣ್ಣೆ ಹಚ್ಚುವುದು, ಬೆನ್ನು ನೀವುವುದು. ದೀಪ ಆರಿಸಬಾರದು, ನಾನು ಕಣ್ಣು ಮುಚ್ಚಬಾರದು. ಎದುರಿಗಿರುವವರು ಯಾರು ಎಂದು ಮೈಗೆ ಪಾಠ ಮಾಡಬೇಕಲ್ಲ! ನಾನು 'ಸಾಕು' ಅಂದ ಕ್ಷಣ ಕೈ ತೆಗೆಯಬೇಕು, ಮುಖ ಸಪ್ಪೆ ಮಾಡಬಾರದು. ಈ ಕ್ರಮವನ್ನು ಮಾಸ್ಟರ್ಸ್ ಮತ್ತು ಜಾನ್ಸನ್ ಎಂಬ ಇಬ್ಬರು ಸಂಶೋಧಕರು 1970ರಲ್ಲಿ ಪುಸ್ತಕದಲ್ಲಿ ವಿವರಿಸಿದ್ದರಂತೆ. ಜೊತೆಗೆ ಉಸಿರಾಟ, ಸೊಂಟದ ಸ್ನಾಯುಗಳನ್ನು ಬಿಗಿಹಿಡಿದು ಸಡಿಲಿಸುವ ಅಭ್ಯಾಸ. ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗಿ, ಅಟ್ಟದ ಮೇಲೆ ನಡೆದದ್ದನ್ನು ಡಾಕ್ಟರಮ್ಮನ ಎದುರು ಸ್ವಲ್ಪ ಸ್ವಲ್ಪವಾಗಿ ಹೇಳುವುದು.

ಮೊದಲ ಬಾರಿ 'ಸಾಕು' ಅಂದಾಗ ಇವರು ಕೈ ತೆಗೆದರು. ಪರೀಕ್ಷೆ ಮಾಡಲೆಂದೇ ಎರಡನೆಯ ದಿನವೂ ಬೇಗ ಅಂದೆ. ತೆಗೆದರು. ಮೂರನೆಯ ದಿನವೂ! ನನ್ನ ಮೈಯೊಳಗಿನ ನಾಯಿ ಕಿವಿ ನಿಮಿರಿಸಿ ನೋಡುತ್ತಿತ್ತೇನೋ. ದಿನ ಕಳೆದಂತೆ 'ಸಾಕು' ಅನ್ನುವುದು ತಡವಾಗತೊಡಗಿತು.

ಎಲ್ಲ ನೆಟ್ಟಗೆ ನಡೆಯಿತು ಎಂದರೆ ಸುಳ್ಳಾಗುತ್ತದೆ. ನಡುವೆ ಹಿಂದಕ್ಕೆ ಜಾರಿದೆವು, ಜಗಳವಾಡಿದೆವು. ಒಂದೂವರೆ ವರ್ಷ ಹಿಡಿಯಿತು. ಆಮೇಲೆ ಒಂದು ಮಳೆಗಾಲದ ರಾತ್ರಿ, ಹಂಚಿನ ಮೇಲೆ ಧೋ ಎಂದು ಸುರಿಯುತ್ತಿದ್ದಾಗ, ಮೊದಲು ಕೈ ಚಾಚಿದವಳು ನಾನು. ಧರ್ಮ ಎಂದಲ್ಲ, ಮಗು ಬೇಕೆಂದೂ ಅಲ್ಲ. ನನಗೆ ಬೇಕೆನಿಸಿತು. ಇದನ್ನು ಬರೆಯುವಾಗ ಈ ವಯಸ್ಸಿನಲ್ಲೂ ಕಿವಿ ಬಿಸಿಯಾಗುತ್ತಿದೆ. ಆದರೂ ಬರೆಯುತ್ತೇನೆ. ದಾಂಪತ್ಯದ ಸುಖ ಹೆಂಗಸು ಕೊಡುವುದು ಮಾತ್ರವಲ್ಲ, ಪಡೆಯುವುದೂ ಹೌದು. ಅವನು ಅಟ್ಟದ ಮೇಲೆ ಕಿತ್ತುಕೊಂಡದ್ದು ಅದನ್ನೇ. ಮರಳಿ ಪಡೆದದ್ದೂ ಅದನ್ನೇ.

2000ದಲ್ಲಿ ಮಗಳು ಹುಟ್ಟಿದಳು. ಹೆರಿಗೆ ಕೋಣೆಯಲ್ಲಿ ಪರೀಕ್ಷೆಗೆಂದು ಕೈಹಾಕಿದಾಗ ಹಳೆಯದೆಲ್ಲ ಮತ್ತೆ ನುಗ್ಗಿಬಂತು. ಡಾಕ್ಟರಮ್ಮ ಮೊದಲೇ ಹೇಳಿಕೊಟ್ಟಿದ್ದರಿಂದ, "ಮುಟ್ಟುವ ಮುಂಚೆ ಒಂದು ಮಾತು ಹೇಳಿ ಸಿಸ್ಟರ್" ಎಂದು ಬಾಯಿಬಿಟ್ಟು ಕೇಳಿದೆ. ಆಕೆ ಪ್ರತಿಸಲವೂ ಹೇಳಿಯೇ ಮುಟ್ಟಿದರು. ಮಗಳಿಗೆ ಇಪ್ಪತ್ತೆರಡು ತುಂಬಿದ ವರ್ಷವೂ ರಾತ್ರಿ ಬೆಚ್ಚಿ ಏಳುತ್ತಿದ್ದೆ. ಈ ನೋವಿಗೆ ಹೀಗೆ ಮತ್ತೆ ಮತ್ತೆ ಬಂದು ಕದ ತಟ್ಟುವ ಅಭ್ಯಾಸವಿದೆ. ಬಂದರೆ, ವಾಸಿಯಾಗಿಲ್ಲ ಎಂದು ಹೆದರಬೇಕಿಲ್ಲ.

ಎಲ್ಲರಿಗೂ ನನ್ನ ಹಾಗೆಯೇ ಆಗಬೇಕೆಂದಿಲ್ಲ. ಕೆಲವರಿಗೆ ಆಸೆಯೇ ಬತ್ತಿಹೋಗುತ್ತದೆ. ಕೆಲವರಿಗೆ ನೋವಿಲ್ಲ, ಆದರೆ ಏನೂ ಅನ್ನಿಸುವುದೇ ಇಲ್ಲ. ಕೆಲವರಿಗೆ ಮೈ ಸ್ಪಂದಿಸಿದರೂ ಮನಸ್ಸಿಗೆ ಅಸಹ್ಯ, ಆಮೇಲೆ ಅಳು. ಕೆಲವರಿಗೆ ವರ್ಷಗಟ್ಟಲೆ ಏನೂ ಇಲ್ಲದೆ, ಒಂದು ದಿನ ಇದ್ದಕ್ಕಿದ್ದಂತೆ ಶುರುವಾಗುತ್ತದೆ. ಇನ್ನು ಕೆಲವರಿಗೆ ಏನೂ ಆಗದೆಯೂ ಇರಬಹುದು. ಇದರಲ್ಲಿ ಯಾವುದೂ ನಡತೆಯ ತಪ್ಪಲ್ಲ. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಕೆಲವು ಮಾತ್ರೆಗಳಿಂದಲೂ ಆಸೆ ಕಡಿಮೆಯಾಗುತ್ತದೆ. ಮಾತ್ರೆಯನ್ನು ತಾವಾಗಿ ನಿಲ್ಲಿಸದೆ ಡಾಕ್ಟರಿಗೆ ಹೇಳಿದರೆ ಬದಲಿಸುತ್ತಾರೆ.

ಇನ್ನೊಂದು ಮಾತು. ಗಾಯ ಮಾಡಿದವನು ಗಂಡನೇ ಆಗಿದ್ದರೆ? ಅಂಥ ಸೋದರಿಗೆ 'ಕೈ ಹಿಡಿದು ಕೂತ್ಕೋ' ಎಂದು ನಾನು ಹೇಳಲಾರೆ. ಮೊದಲು ಅವಳ ಸುರಕ್ಷತೆ, ಉಳಿದದ್ದು ಆಮೇಲೆ. ಮನೆಯೊಳಗಿನ ಲೈಂಗಿಕ ದೌರ್ಜನ್ಯವೂ ಹಿಂಸೆಯೇ ಎಂದು 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆ ಹೇಳುತ್ತದೆ. ಮಹಿಳಾ ಸಹಾಯವಾಣಿ 181ಕ್ಕೆ ಫೋನು ಮಾಡಬಹುದು. ಮನಸ್ಸಿನ ನೋವಿಗೆ, 2022ರಲ್ಲಿ ಶುರುವಾದ ಟೆಲಿ ಮಾನಸ್ ಇದೆ, ನಂಬರು 14416. ಹಗಲೂ ರಾತ್ರಿಯೂ ಪುಕ್ಕಟೆ, ಕನ್ನಡದಲ್ಲೇ ಮಾತಾಡುತ್ತಾರೆ. ನಮ್ಮ ಕಾಲದಲ್ಲಿ ಇದಿದ್ದಿದ್ದರೆ, ತಿಂಗಳಿಗೊಮ್ಮೆ ಬೆಂಗಳೂರಿನ ಬಸ್ಸಿಗೆ ಕಾಯುವ ನಾನು ಎಷ್ಟು ಹಗುರಾಗುತ್ತಿದ್ದೆ!

ಈ ಪುಟವನ್ನು ಓದುವ ಅತ್ತೆಯರಿಗೆ, ತಾಯಂದಿರಿಗೆ ಒಂದು ಬಿನ್ನಹ. ಹೊಸ ಸೊಸೆ ಬಿಗಿಯಾಗಿದ್ದರೆ 'ಜಂಬ' ಎನ್ನಬೇಡಿ, ಹರಕೆಯ ಲೆಕ್ಕ ಕೇಳಬೇಡಿ. ಮಗಳು ಬಂದು ಹೇಳಿದರೆ 'ಕೂಗಬಹುದಿತ್ತಲ್ಲ' ಎನ್ನಬೇಡಿ. 'ನಿನ್ನ ತಪ್ಪಲ್ಲ' ಎನ್ನಿ, ಮುಂದಿನದನ್ನು ಅವಳನ್ನೇ ಕೇಳಿ.

ಹೋದ ವರ್ಷ ಮಗಳ ಮದುವೆಯಾಯಿತು. ಬಾಗಿಲಲ್ಲಿ ಕಲ್ಲುಸಕ್ಕರೆ ಇತ್ತು, ಹೂವು ಇತ್ತು, ಪನ್ನೀರು ಇರಲಿಲ್ಲ. ಕೇಳಿದವರಿಗೆ ಇವರೇ ಮುಂದೆ ಬಂದು, "ನಮ್ಮನೆಗೆ ಆಗಿಬರೋದಿಲ್ಲ" ಎಂದು ಹೇಳಿ ಒಳಗೆ ಕರೆದರು.

ಆ ದಿನ ಪಕ್ಕದ ಮನೆಯ ಹುಡುಗಿಗೆ ನಾನು ಏನಾಯಿತು ಎಂದು ಕೇಳಲಿಲ್ಲ. "ಇದು ಜಂಬವಲ್ಲ, ನಾಚಿಕೆಗೇಡೂ ಅಲ್ಲ. ವಾಸಿಯಾಗತ್ತೆ. ನನಗೂ ಹಾಗೇ ಇತ್ತು" ಎಂದಷ್ಟೇ ಹೇಳಿದೆ. ಅವಳು ಮೊದಲ ಸಲ ತಲೆ ಎತ್ತಿ ನನ್ನ ಮುಖ ನೋಡಿದಳು. ನಿನ್ನೆ ಮತ್ತೆ ಬಂದಿದ್ದಳು. ನಮ್ಮ ಹಿತ್ತಿಲ ಕಟ್ಟೆಯ ಮೇಲೆ ಕೂತು 14416ಕ್ಕೆ ಫೋನು ಮಾಡಿದಳು. ನಾನು ದೂರದಲ್ಲಿ ಭರಣಿಯ ಬಾಯಿಗೆ ಬಟ್ಟೆ ಕಟ್ಟುತ್ತಿದ್ದೆ. ಮಾತು ಕೇಳಿಸುತ್ತಿರಲಿಲ್ಲ. ಬಹಳ ಹೊತ್ತು ಮಾತಾಡಿದಳು.

(ಲೇಖಕಿಯ ಕೋರಿಕೆಯಂತೆ ಹೆಸರು ಪ್ರಕಟಿಸಿಲ್ಲ.)